ಬ್ರೇಕ್ ಒತ್ತಿದವರಿಗೆ ಹಿಂದಿನ ದೀಪ ಕಾಣಲ್ಲ

೧

“ಆಕಾಶದಲ್ಲಿ ಒಂದು ವಿಮಾನ ಹಾರ್ತಾ ಇತ್ತು” ಅಂತ ಶುರು ಮಾಡಿದ್ದೆ. ಮಗಳು ಹಿಂದಿನಿಂದ ಬಗ್ಗಿ ಓದಿ, “ಅಮ್ಮ, ಈ ಕಥೇಲಿ ಒಂದು ವಿಮಾನಾನೂ ಹಾರಲ್ವಲ್ಲ” ಅಂದ್ಲು. ಹೊಡೆದು ಹಾಕಿದೆ.

“ಒಂದಾನೊಂದು ಕಾಲದಲ್ಲಿ ಒಬ್ಬ ರಾಜ” ಅಂತ ಬರೆದೆ. ರಾಜ ಯಾಕೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕ್ತಾನೆ? ಅದನ್ನೂ ಹೊಡೆದು ಹಾಕಿದೆ. ಹೊಡೆದು ಹೊಡೆದು ಕಾಗದ ಎಮ್ಮೆ ಮೈ ಆಯ್ತು.

ಓದೋರೇ, ನೀವೇ ಹೇಳಿ, ಎಲ್ಲಿಂದ ಹಿಡೀಲಿ? ಉದ್ದ ಕಾರಿಡಾರಿಂದ ಹಿಡೀಲಾ, ಕಂಬಳಿಯಿಂದ ಹಿಡೀಲಾ, ನಮ್ಮ ಯಜಮಾನರ ಲಾರಿಯಿಂದ ಹಿಡೀಲಾ? ಯಾವುದರ ಬಾಲ ಹಿಡಿದ್ರೂ ಉಳಿದೆರಡು ತಾನಾಗೇ ಹಿಂದೆ ಬರುತ್ತೆ. (ಬರದಿದ್ರೆ ಬೈಬೇಡಿ. ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಟೀಚರ್ ಮಗು ಆಡಿಸಿದೀನಿ.)

ಸರಿ, ಮಗಳಿಂದಲೇ ಶುರು ಮಾಡ್ತೀನಿ. ಹೇಗೂ ಹಿಂದೆ ನಿಂತಿದಾಳೆ.

೨

ನನ್ನ ಮಗಳು ವಿಮಾನ ರಿಪೇರಿ ಮಾಡೋಳು. ಓಡಿಸೋಳಲ್ಲ, ಒಳಗೆ ನೀರು ಕೊಡೋಳಲ್ಲ. ವಿಮಾನ ಕೆಳಗಿಳಿದ ಮೇಲೆ ಅದರ ಹೊಟ್ಟೆ ಕೆಳಗೆ ಮಲಗಿ ನಟ್ಟು ಬೋಲ್ಟು ನೋಡೋಳು. ಅವಳ ಸ್ಪ್ಯಾನರ್ ಪೆಟ್ಟಿಗೆ ನನಗಿಂತ ಭಾರ. ನಾನು ಕೂತ್ರೆ ಮಂಚ “ಅಮ್ಮಾ” ಅನ್ನುತ್ತೆ, ಲೆಕ್ಕ ಹಾಕ್ಕೊಳ್ಳಿ.

ಅವರ ಕಸುಬಲ್ಲಿ ಒಂದು ಕಟ್ಟಳೆ ಇದೆ. ಇದೊಂದನ್ನ ನೆನಪಿಟ್ಟುಕೊಳ್ಳಿ, ಉಳಿದಿದ್ದೆಲ್ಲ ಮರೆತರೂ ಪರವಾಗಿಲ್ಲ. ವಿಮಾನ ತಿರುಗಿಸೋ ಭಾಗ, ನಿಲ್ಲಿಸೋ ಭಾಗ, ಇಂಥದ್ದಕ್ಕೆ ಕೈ ಹಾಕಿದ್ರೆ ಎರಡು ಸಹಿ ಬೇಕು. ಒಂದು ಕೆಲಸ ಮಾಡಿದೋರದ್ದು. ಇನ್ನೊಂದು ಆ ಕೆಲಸಕ್ಕೆ ಬೆರಳೂ ತಾಗಿಸದೇ ಇರೋ ಬೇರೆಯವರದ್ದು. ಅವರು ಬಂದು ಮೊದಲಿಂದ ನೋಡ್ಬೇಕು, ಮುಟ್ಬೇಕು, ಆಮೇಲೆ ಸಹಿ. ಯಾಕೆ? ಹೆತ್ತೋರಿಗೆ ಹೆಗ್ಗಣ ಮುದ್ದು. ಅವರವರು ಮಾಡಿದ್ದು ಅವರವರಿಗೆ ಚಿನ್ನ. (ಈ ಕಥೆ ಈಗಾಗಲೇ ನನಗೆ ಚಿನ್ನದ ಹಾಗೆ ಹೊಳೀತಿದೆ. ಹುಷಾರಾಗಿರಿ.)

ಮನೇಲೂ ಅದೇ ಚಾಳಿ. ಬೆಳಿಗ್ಗೆ ಹೊರಡೋ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತ್ಕೋತಾಳೆ.

“ಅಮ್ಮ, ಗ್ಯಾಸ್ ಆಫ್ ಮಾಡಿದೀನಿ, ನೋಡು.”

“ನೀನೇ ಮಾಡಿದೀಯಲ್ಲೇ!”

“ಅದಕ್ಕೇ ನೀನು ನೋಡು ಅಂದಿದ್ದು.”

“ಇಲ್ಲಿಂದಲೇ ಕಾಣ್ತಿದೆ ಕಣೇ.”

“ಕೈಯಲ್ಲಿ ಮುಟ್ಟಿ ಹೇಳು.”

ಮುಟ್ಟೋವರೆಗೂ ಹೊರಡಲ್ಲ. ಹೀಗೆ ಮುಟ್ಟಿ ಮುಟ್ಟಿ ಗ್ಯಾಸಿನ ತಿರುಗುಂಡಿ ಸವೆದು ಕಡಲೆಕಾಳಿನಷ್ಟಾಗಿದೆ.

ಇದನ್ನ ಅವಳಿಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ನಮ್ಮ ಯಜಮಾನರು. ಲಾರಿ ಓಡಿಸ್ತಿದ್ರು. ಹೊರಡೋಕೆ ಮುಂಚೆ ಸೀಟಲ್ಲಿ ಕೂತು ಬ್ರೇಕ್ ಒತ್ತೋರು. ಮಗಳು ಆಗ ಇಷ್ಟೇ ಇಷ್ಟು, ಟಯರಿಗಿಂತ ಗಿಡ್ಡ. ಲಾರಿ ಹಿಂದೆ ನಿಂತು ಮೂರು ಬೀದಿಗೆ ಕೇಳೋ ಹಾಗೆ ಕೂಗೋಳು, “ಹತ್ತಿತೂ!” ಅವರು ಕಾಲು ತೆಗೆದ್ರೆ, “ಆರಿತೂ!” ಅದನ್ನ ಕೇಳಿ ಮಲಗಿದ್ದ ಮಕ್ಕಳೆಲ್ಲ ಎದ್ದು ಅಳ್ತಿದ್ವು.

“ನೀವೇ ಇಳಿದು ಬಂದು ದೀಪ ನೋಡಬಾರದಾ, ಆ ಕೂಸಿನ ಗಂಟಲು ಯಾಕೆ ಹರೀತೀರಿ?” ಅಂತ ಒಂದಿನ ಕೇಳ್ದೆ.

“ನಾನು ಇಳಿದು ಬಂದ್ರೆ ಬ್ರೇಕ್ ಮೇಲೆ ಕಾಲಿಡೋರು ಯಾರು, ನಿಮ್ಮಪ್ಪನಾ?” ಅಂದ್ರು.

ನಮ್ಮಪ್ಪ ಸತ್ತು ಆಗಲೇ ಎಷ್ಟೋ ವರ್ಷ ಆಗಿತ್ತು. ಆದ್ರೂ ನಮ್ಮ ಯಜಮಾನರಿಗೆ ಕೆಲಸ ಹೇಳೋಕೆ ಯಾವಾಗಲೂ ಅವರೇ ಬೇಕಿತ್ತು.

೩

ಈಗ ಕಂಬಳಿ.

ಮಗಳು ಕೆಲಸ ಮಾಡೋ ಕಂಪನಿ ಹೆಸರು ಹೇಳಲ್ಲ. ಒಂದು ಮಧ್ಯಾಹ್ನ ವಿಮಾನ ಹೊರಡಬೇಕು. ಜನ ಒಳಗೆ ಕೂತು ಬೆವರು ಸುರಿಸಿ, ಅರ್ಧ ಜನ ತೇಲ್ತಿದಾರೆ. ಮಗಳು ಬಾಲದ ಹತ್ತಿರ ಒಂದು ಕೆಲಸ ಮುಗಿಸಿ ಸಹಿ ಹಾಕಿದಾಳೆ. ಎರಡನೇ ಸಹಿ ಹಾಕೋರು ಇನ್ನೊಂದು ವಿಮಾನದ ಹತ್ತಿರ ಹೋಗಿದಾರೆ. ಮ್ಯಾನೇಜರ್ ಓಡಿ ಬಂದ.

“ಅದನ್ನೂ ನೀನೇ ಹಾಕು. ಗೆರೆ ಸ್ವಲ್ಪ ಬೇರೆ ಥರ ಎಳಿ, ಅಷ್ಟೇ.”

“ಸರ್, ನನಗೆ ಕೈ ಎರಡಿದೆ. ಕಣ್ಣು ಒಂದೇ ಜೊತೆ.”

(ಇದನ್ನ ಮಗಳು ನಿಜವಾಗ್ಲೂ ಹೇಳಿದ್ಲು. ನಾನು ಸೇರಿಸಿದ್ದಲ್ಲ. ಸೇರಿಸಿದ್ದು ಮುಂದೆ ಬರುತ್ತೆ, ಆಗ ಹೇಳ್ತೀನಿ.)

ಮ್ಯಾನೇಜರ್ ಸುತ್ತ ನೋಡಿದ. ಅಲ್ಲೇ ಬ್ರೆಡ್ ತಿಂತಾ ಒಬ್ಬ ಹೋಗ್ತಿದ್ದ. ಮಗಳ ಜೊತೆ ಕೆಲಸ ಮಾಡೋನು, ಅವಳಷ್ಟೇ ಅನುಭವ ಇರೋನು. ನಾನು ಅವನಿಗೆ ಎಣ್ಣೆತಲೆ ಅಂತ ಹೆಸರಿಟ್ಟಿದೀನಿ. ಅವನ ತಲೆ ಒಂದಿದ್ರೆ ಮನೇಲಿ ದೀಪ ಬೇಡ. ಅವನು ಬ್ರೆಡ್ಡು ಎಡಗೈಗೆ ದಾಟಿಸಿ, ಬಲಗೈಲಿ ಸಹಿ ಹಾಕಿ, ಮತ್ತೆ ಬ್ರೆಡ್ಡು ಬಲಗೈಗೆ ತಗೊಂಡ. ಬಾಲದ ಕಡೆ ಕಣ್ಣೆತ್ತಿ ನೋಡಲಿಲ್ಲ.

ವಿಮಾನ ಹಾರಿತು. (ನೋಡಿದ್ರಾ! ಒಂದೂ ಹಾರಲ್ಲ ಅಂದಿದ್ಲು. ಅವಳ ಲೆಕ್ಕವೂ ತಪ್ಪುತ್ತೆ. ಇದನ್ನೂ ನೆನಪಿಟ್ಟುಕೊಳ್ಳಿ.)

ಹಾರಿತು, ಇಳೀತು. ಏನೂ ಆಗಲಿಲ್ಲ.

ಏನೂ ಆಗಲಿಲ್ಲ! ಕಥೆ ಬರೆಯೋಳಿಗೆ ಇದಕ್ಕಿಂತ ನಷ್ಟ ಉಂಟಾ? ಮೊದಲ ಸಲ ಬರೆದಾಗ ನಾನು ರೆಕ್ಕೆಗೆ ಬೆಂಕಿ ಹಚ್ಚಿದ್ದೆ. ಮಗಳು ಬಂದು ಆರಿಸಿದ್ಲು. “ಏನೂ ಆಗದೇ ಇದ್ದಿದ್ದೇ ಕೆಟ್ಟದ್ದಮ್ಮ. ಇನ್ಮೇಲೆ ಎಲ್ಲರೂ ಹಾಗೇ ಮಾಡ್ತಾರೆ” ಅಂದ್ಲು.

ಆಮೇಲೆ ಅವಳನ್ನ ವಿಮಾನದ ಹತ್ತಿರದಿಂದ ಎತ್ತಿ ಗೋಡೌನಿಗೆ ಹಾಕಿದ್ರು. ಅಲ್ಲಿ ಅವಳ ಕೆಲಸ, ಪ್ರಯಾಣಿಕರು ಹೊದೆಯೋ ಕಂಬಳಿ ಎಣಿಸೋದು. ಎಣಿಸ್ತಾಳೆ, ಆಮೇಲೆ ಪಕ್ಕದವರನ್ನ ಕರೆದು, “ನಾನು ಎಣಿಸಿದೀನಿ, ನೀವೊಂದು ಸಲ ಎಣಿಸಿ” ಅಂತಾಳೆ. ಅವಳ ಹೆಜ್ಜೆ ಸದ್ದು ಕೇಳಿದ್ರೆ ಗೋಡೌನಿನೋರು ಕಂಬಳಿ ಒಳಗೇ ಬಚ್ಚಿಟ್ಕೋತಾರಂತೆ.

ಈ ಜಾಗದಲ್ಲಿ ಎಣ್ಣೆತಲೆ ಕಥೆಯಿಂದ ತಲೆ ಆಚೆ ಹಾಕಿದ.

“ಅಮ್ಮಾ, ಅದು ಎಣ್ಣೆ ಅಲ್ಲ, ಜೆಲ್.”

“ಸುಮ್ಮನಿರಪ್ಪ. ನೀನು ಖಳನಾಯಕ. ಖಳನಾಯಕರ ತಲೆ ಹೊಳೀಬೇಕು.”

“ನನ್ನ ಮಾತೂ ಸ್ವಲ್ಪ ಕೇಳಿ.”

“ನಿನ್ನ ಸರದಿ ಆರರಲ್ಲಿ ಬರುತ್ತೆ. ಒಳಗೆ ಹೋಗು.”

೫

ನಾಲ್ಕು ಎಲ್ಲಿ ಅಂತೀರಾ? ನಾಲ್ಕರಲ್ಲಿ ಮದುವೆ ಇತ್ತು. ಮಗಳದ್ದೂ ಎಣ್ಣೆತಲೆದೂ. ಜಗಳದಿಂದ ಶುರುವಾಗಿ ಮದುವೇಲಿ ಮುಗಿದ್ರೆ ಓದೋರಿಗೆ ಖುಷಿ ಅಂತ ಬರೆದಿದ್ದೆ. ಮಗಳು ಹರಿದು ಕಸದ ಬುಟ್ಟಿಗೆ ಹಾಕಿದ್ಲು. ಹಾಕಿ, “ಅಮ್ಮ, ಹಾಕಿದೀನಿ, ನೋಡು” ಅಂದ್ಲು.

ಸರ್ಕಾರದೋರು ಜಾಹೀರಾತು ಕೊಟ್ರು. ವಿಮಾನ ಸುರಕ್ಷತೆ ನೋಡೋ ಇನ್‌ಸ್ಪೆಕ್ಟರ್ ಬೇಕು. ಒಂದೇ ಹುದ್ದೆ. ಕಂಪನಿ ಕಂಪನಿಗೂ ಹೋಗಿ, ವಿಮಾನ ನೋಡಿ, ಅವರು ಕೆಲಸ ಮಾಡೋ ರೀತಿ ನೋಡಿ, ಸರಿ ಇಲ್ಲ ಅನಿಸಿದ್ರೆ “ಇದು ಹಾರಂಗಿಲ್ಲ” ಅನ್ನೋ ಕೆಲಸ. ನನ್ನ ತಂಗಿಗೆ ಫೋನ್ ಮಾಡಿ ಹೇಳ್ದೆ. “ಇನ್‌ಸ್ಪೆಕ್ಟರಾ? ಹಾಗಾದ್ರೆ ನಮ್ಮ ಪಕ್ಕದ ಮನೆಯವನನ್ನ ಒಳಗೆ ಹಾಕಿಸು” ಅಂದ್ಲು. ಅವಳಿಗೆ ಎಲ್ಲ ಇನ್‌ಸ್ಪೆಕ್ಟರೂ ಒಂದೇ.

ಮಗಳಿಗೆ ಇದೇ ಕೊನೇ ಅವಕಾಶ. ಈ ಸಲ ಬಿಟ್ರೆ ವಯಸ್ಸಿನ ಮಿತಿ ದಾಟುತ್ತೆ. ಆಮೇಲೆ ಕಂಬಳಿ, ಕಂಬಳಿ, ರಿಟೈರ್ ಆಗೋವರೆಗೂ ಕಂಬಳಿ.

ಅರ್ಜಿ ಹಾಕೋದು ಕಂಪ್ಯೂಟರಲ್ಲಿ. ಅದು ಮಗಳ ಹೆಸರು ಕೇಳ್ತು, ನನ್ನ ಹೆಸರು ಕೇಳ್ತು, ಸತ್ತಿರೋ ನನ್ನ ಗಂಡನ ಹೆಸರು ಕೇಳಿ ಅವರ ಈಗಿನ ವಿಳಾಸ ಕೇಳ್ತು. ಕೊನೆಗೆ “ನೀವು ರೋಬೋಟ್ ಅಲ್ಲ ಅಂತ ತೋರಿಸಿ, ಟ್ರಾಫಿಕ್ ಸಿಗ್ನಲ್ ಇರೋ ಚೌಕ ಒತ್ತಿ” ಅಂತು. ಬೇರೆಯವರು ಕಣ್ಮುಚ್ಚಿ ಒತ್ತಿ ಮುಂದೆ ಹೋಗ್ತಾರೆ. ಇವಳು ಮೂಗು ಪರದೆಗೆ ತಾಗಿಸಿ ಕೂತ್ಲು.

“ಅಮ್ಮ, ಸಿಗ್ನಲ್ ಅಂದ್ರೆ ದೀಪ ಮಾತ್ರಾನಾ, ಕಂಬವೂ ಸೇರುತ್ತಾ?”

“ಕಂಬ ಇಲ್ದೆ ದೀಪ ಗಾಳೀಲಿ ನಿಲ್ಲುತ್ತೇನೇ? ಒತ್ತು.”

“ಈ ಚೌಕದಲ್ಲಿ ಕಂಬದ ನೆರಳು ಇದೆ.”

“ನೆರಳನ್ನ ಬಿಡೇ ತಾಯಿ.”

ಅಷ್ಟರಲ್ಲಿ ಸಮಯ ಮುಗೀತು ಅಂತ ಅರ್ಜಿ ಪೂರ್ತಿ ಅಳಿಸಿ ಹೋಯ್ತು. ಮೊದಲಿಂದ ತುಂಬಿದ್ಲು. ಎರಡನೇ ಸಲ ಬಸ್ಸು, ಮೂರನೇ ಸಲ ಮೆಟ್ಟಿಲು. ಅವಳು ರೋಬೋಟ್ ಅಲ್ಲ ಅಂತ ಕಂಪ್ಯೂಟರಿಗೆ ಗೊತ್ತಾಗೋ ಹೊತ್ತಿಗೆ ನನಗೇ ಅನುಮಾನ ಬಂದಿತ್ತು.

೬

ಸಂದರ್ಶನದ ದಿನ ನಾನೂ ಹೊರಟೆ. ಮಗಳ ಸಹಿ ನಂಬ್ತೀನಿ, ಹೊಟ್ಟೆ ನಂಬಲ್ಲ. ತಿನ್ನೋದು ಮರೀತಾಳೆ. ಚೀಲದಲ್ಲಿ ಬಿಸ್ಕತ್ತು ಇಟ್ಕೊಂಡೆ.

ಆ ಕಚೇರಿ ಕಾರಿಡಾರು ಎಷ್ಟು ಉದ್ದ ಅಂದ್ರೆ, ಈ ತುದೀಲಿ ಅಂಬೆಗಾಲಿಟ್ಟ ಮಗು ಆ ತುದಿ ಮುಟ್ಟೋ ಹೊತ್ತಿಗೆ ಮೀಸೆ ತಿರುವುತ್ತೆ. ಗೋಡೆ ಉದ್ದಕ್ಕೂ ಕಬ್ಬಿಣದ ಕುರ್ಚಿ. ಅದರಲ್ಲಿ ಒಂದರ ಮೇಲೆ ಹೊಳೆಯೋ ತಲೆ.

ಹೌದು, ಅವನೇ. ಅವನೂ ಅರ್ಜಿ ಹಾಕಿದಾನೆ. ಅವನದ್ದು ಆಗಲೇ ಮುಗಿದಿತ್ತು. ಕೆಲವರನ್ನ ಮತ್ತೆ ಕರೀಬಹುದು ಅಂತ ಕೂರಿಸಿದ್ರಂತೆ. ಮಗಳು ಅವನನ್ನ ನೋಡಿದ್ಲು, ಅವನು ನೆಲ ನೋಡಿದ. ಗುಮಾಸ್ತ ಬಂದು ಮಗಳನ್ನ ಒಳಗೆ ಕರ್ಕೊಂಡು ಹೋದ. ನಾನು ಸೀದಾ ಹೋಗಿ ಎಣ್ಣೆತಲೆ ಪಕ್ಕ ಕೂತೆ. ಕುರ್ಚಿಗಳು ಒಂದಕ್ಕೊಂದು ಬೆಸೆದಿದ್ವು. ನಾನು ಕೂತ ರಭಸಕ್ಕೆ ಅವನು ಎದ್ದು ನಿಂತೇಬಿಟ್ಟ.

“ಕೂತ್ಕೋ. ಕಂಪನೀಲಿ ನಿನಗೇನು ಕಮ್ಮಿ? ನೀನೇನು ಕಂಬಳಿ ಎಣಿಸ್ತಿದೀಯಾ?”

“ಇಲ್ಲಮ್ಮ.”

“ಮತ್ತೆ ಅವಳ ಬಾಯಿಗೆ ಬೀಳೋ ತುತ್ತಿಗೆ ಯಾಕಪ್ಪ ಕೈ ಹಾಕ್ದೆ?”

ಅವನು ಮೆಲ್ಲಗೆ ಮತ್ತೆ ಕೂತ. ಆಮೇಲೆ ಅಂದ, “ಆವತ್ತಿಂದ ಎಲ್ಲ ಎರಡನೇ ಸಹಿನೂ ನನ್ನ ಹತ್ತಿರಾನೇ ಬರುತ್ತಮ್ಮ. ಅವನು ಕೇಳಿದ ತಕ್ಷಣ ಹಾಕ್ತಾನೆ ಅಂತ ಹೆಸರಾಗೋಗಿದೆ. ನಾನು ನೋಡ್ತೀನಿ ಅಂದ್ರೂ, ‘ನಿನಗ್ಯಾವಾಗಿಂದ ಈ ರೋಗ’ ಅಂತ ನಗ್ತಾರೆ. ಮೇಲೆ ವಿಮಾನದ ಸದ್ದು ಕೇಳಿದ್ರೆ ಅದು ದೂರ ಹೋಗೋವರೆಗೂ ನನಗೆ ತುತ್ತು ಇಳಿಯಲ್ಲ.”

ಚೀಲದಿಂದ ಬಿಸ್ಕತ್ತು ತೆಗೆದು ಕೊಟ್ಟೆ. ತಿಂದ. ಹಾಳಾದೋನು! ಒಬ್ಬ ಖಳನಾಯಕ ಬೇಕು ಅಂತ ಜೋಪಾನವಾಗಿ ಇಟ್ಕೊಂಡಿದ್ದೆ. ಒಂದು ಬಿಸ್ಕತ್ತು ತಿಂದು ನನ್ನ ಕಥೆ ಕೆಡಿಸಿಬಿಟ್ಟ.

೭

(ಒಳಗೆ ನಡೆದಿದ್ದು ನಾನು ನೋಡಿಲ್ಲ. ಬಾಗಿಲಿಗೆ ಅಂಗೈ ಅಗಲದ ಗಾಜು, ಅದೂ ನನ್ನ ತಲೆಗಿಂತ ಮೇಲೆ. ಮಗಳು ಹೇಳಿದ್ದು ಅರ್ಧ, ನಾನು ಹೊಲಿದಿದ್ದು ಅರ್ಧ. ಹೊಲಿಗೆ ಕಂಡ್ರೆ ಕಾಣ್ಲಿ.)

ಒಳಗೆ ಮೂವರು. ಮಧ್ಯೆ ಅಧ್ಯಕ್ಷರು, ಬಾಟಲಿ ತಳದಂಥ ಕನ್ನಡಕ. ಒಂದು ಪಕ್ಕ ನಿಯಮದ ಪುಸ್ತಕ ಹಿಡಿದ ಮೇಡಮ್ಮು. ಇನ್ನೊಂದು ಪಕ್ಕ ಒಬ್ಬರು ನಿವೃತ್ತ ಪೈಲಟ್, ಅವರು ಪೂರ್ತಿ ಹೊತ್ತು ಗಡಿಯಾರ ನೋಡಿದ್ದು ಬಿಟ್ರೆ ಏನೂ ಮಾಡಲಿಲ್ಲವಂತೆ.

“ಈ ಕೆಲಸಕ್ಕೆ ಯಾಕೆ ಬರ್ತಿದೀರಿ?” ಅಂತ ಅಧ್ಯಕ್ಷರು ಕೇಳಿದ್ರು.

ಮಗಳು ಎದ್ದು ನಿಂತು, “ಮೋಡದ ಮೇಲೆ ಹೋಗೋ ಪ್ರತಿಯೊಂದು ಜೀವವೂ ಯಾವುದೋ ಒಬ್ಬ ತಾಯಿಯ…” ಅಂತ ಶುರು ಮಾಡಿ ಮಾತಾಡಿದ್ಲು, ಮಾತಾಡಿದ್ಲು. ಮೇಡಮ್ಮು ಕಣ್ಣೊರೆಸಿಕೊಂಡ್ರು.

“ಅಮ್ಮ, ಅದನ್ನ ಹೊಡೆದು ಹಾಕು.”

“ಮತ್ತೆ ಏನಂದೆ?”

“‘ಕಂಬಳಿ ಸಾಕಾಗಿದೆ ಸರ್’ ಅಂದೆ.”

ಸರಿ, ಹಾಗೇ ಅಂದ್ಲು ಅಂತ ಇಟ್ಕೊಳ್ಳಿ. ಇಂಥ ಪಾತ್ರ ಕೊಟ್ರೆ ಕಥೆ ಬರೆಯೋದು ಹೇಗೆ?

ಆಮೇಲೆ ಪಕ್ಕದ ರೂಮಿಗೆ ಕರ್ಕೊಂಡು ಹೋದ್ರು. ಅಲ್ಲಿ ಹಳೇ ವಿಮಾನದ ಒಂದು ಕಾಲು ನಿಲ್ಲಿಸಿದ್ರು, ಚಕ್ರ ಸಮೇತ. ಬೇಕಂತಲೇ ಅದರಲ್ಲಿ ಅಲ್ಲಲ್ಲಿ ತಪ್ಪು ಮಾಡಿಟ್ಟಿರ್ತಾರೆ. ಬಂದೋರು ನೋಡಿ, ಹುಡುಕಿ, ಒಂದು ಹಾಳೇಲಿ ಬರೀಬೇಕು. ಮಗಳು ಇಸ್ತ್ರಿ ಮಾಡಿದ ಬಿಳೀ ಷರ್ಟಲ್ಲೇ ನೆಲದ ಮೇಲೆ ಮಲಗಿದ್ಲು. ಕೈಗೆ ಕೋಲುಗನ್ನಡಿ ತಗೊಂಡ್ಲು, ಹಲ್ಲಿನ ಡಾಕ್ಟರು ಬಾಯಿಗೆ ಹಾಕ್ತಾರಲ್ಲ, ಅದರ ಅಣ್ಣ. ಮೇಲೆ, ಕೆಳಗೆ, ಸಂದೀಲಿ, ಮೂಲೇಲಿ ನೋಡಿದ್ಲು. ಸವೆದ ಟಯರು ಬರೆದ್ಲು, ಬಿರುಕು ಬಿಟ್ಟ ಪೈಪು ಬರೆದ್ಲು, ಸಡಿಲ ನಟ್ಟು ಬರೆದ್ಲು. ಉಳಿದಿದ್ದೆಲ್ಲ ಸರಿ ಇದೆ ಅಂತ ಬರೆದು ಎದ್ದು ನಿಂತ್ಲು. ಷರ್ಟು ಕಾಗೆ ಆಗಿತ್ತು.

ಹಾಳೆ ಕೆಳಗೆ ಎರಡು ಜಾಗ. ‘ನೋಡಿದವರು.’ ‘ಮತ್ತೆ ನೋಡಿದವರು.’

ಮಗಳು ಮೊದಲನೇ ಕಡೆ ಸಹಿ ಹಾಕಿ ಪೆನ್ನು ಕೆಳಗಿಟ್ಲು.

“ಇನ್ನೊಂದು?” ಅಂದ್ರು ಅಧ್ಯಕ್ಷರು.

“ಯಾರು ನೋಡ್ತಾರೆ ಸರ್?”

“ಯಾರೂ ನೋಡಲ್ಲ. ಎರಡೂ ನೀವೇ ಹಾಕಿ. ಬೆಳಿಗ್ಗೆಯಿಂದ ಎಲ್ಲರೂ ಹಾಕಿದಾರೆ.”

“ನಾನೇ ನೋಡಿ ನಾನೇ ಮತ್ತೆ ನೋಡಿದೀನಿ ಅಂತ ಹೇಗೆ ಹಾಕ್ಲಿ ಸರ್?”

“ಇದು ಪರೀಕ್ಷೆ ಅಮ್ಮಾ, ಇದೇನು ಹಾರುತ್ತಾ?”

“ಹಾಳೇಲಿ ಹಾಗೆ ಬರೆದಿಲ್ಲ ಸರ್.”

ಪೈಲಟ್ ಗಡಿಯಾರ ನೋಡಿದ್ರು. ಮೇಡಮ್ಮು ಪುಸ್ತಕ ತಿರುವಿದ್ರು. ಅಧ್ಯಕ್ಷರು ಕನ್ನಡಕ ತೆಗೆದು ಹಣೆ ಒತ್ಕೊಂಡ್ರು.

ಆಗ ನನ್ನ ಮಗಳು ಅಂದ್ಲು, “ಸರ್, ನಮ್ಮಪ್ಪ ಲಾರಿ ಓಡಿಸ್ತಿದ್ರು. ಬ್ರೇಕ್ ಒತ್ತಿದವರಿಗೆ ಹಿಂದಿನ ದೀಪ ಕಾಣಲ್ಲ.”

“ಅಮ್ಮ! ನಾನು ಹಾಗೆ ಹೇಳಲೇ ಇಲ್ಲ.”

“ಏನು ಹೇಳ್ದೆ ಹಾಗಾದ್ರೆ?”

“‘ಹಾಕಲ್ಲ ಸರ್’ ಅಂದೆ. ಅಷ್ಟೇ. ಕಾಲು ನಡುಗ್ತಿತ್ತು.”

(ಇದೇ ನಾನು ಸೇರಿಸಿದ್ದು. ಹೇಳ್ತೀನಿ ಅಂದಿದ್ನಲ್ಲ. ತೆಗೆಯಲ್ಲ. ಅವಳ ಕಾಲು ನಡುಗ್ತಿದ್ದಾಗ ಅವರಪ್ಪ ಪಕ್ಕದಲ್ಲಿ ಇರಲಿಲ್ಲ. ಕಥೇಲಾದ್ರೂ ಇರ್ಲಿ.)

೮

ಆ ಪಕ್ಕದ ರೂಮಿನ ಬಾಗಿಲು ತೆರೆದು ಗುಮಾಸ್ತ ಕಾರಿಡಾರಿಗೆ ತಲೆ ಹಾಕಿದ. ಮತ್ತೆ ನೋಡಿ ಎರಡನೇ ಸಹಿ ಹಾಕೋಕೆ ಈ ಕೆಲಸ ಬಲ್ಲೋರು ಯಾರಾದ್ರೂ ಹೊರಗೆ ಇದಾರಾ ಅಂದ. ನಾನು ಎದ್ದೆ.

“ನಡಿಯಪ್ಪ, ನಾನು ನೋಡ್ತೀನಿ. ಇವಳ ಎರಡನೇ ಕಣ್ಣು ನಾನೇ. ಗ್ಯಾಸ್ ನೋಡ್ತಿರೋದು ಯಾರು ಅಂದ್ಕೊಂಡೆ?”

“ಅಜ್ಜಿ, ಕೂತ್ಕೊಳ್ಳಿ. ಇದು ಗ್ಯಾಸ್ ಅಲ್ಲ.”

ಕೂತೆ. ಹೊರಗೆ ಉಳಿದಿದ್ದು ಒಂದೇ ತಲೆ. ಬೆಳಿಗ್ಗೆ ಎರಡೂ ಕಡೆ ತಾನೇ ಸಹಿ ಹಾಕಿ ಬಂದು ನನ್ನ ಬಿಸ್ಕತ್ತು ತಿಂತಾ ಕೂತಿರೋ ತಲೆ. ಅವನೂ ಅದೇ ಹುದ್ದೆಗೆ ಬಂದೋನು. ಇವಳದ್ದು ಕೆಟ್ರೆ ಅವನಿಗೆ ಲಾಭ.

ಅವನು ಒಳಗೆ ಹೋದ. ಗುಮಾಸ್ತ ಬಾಗಿಲು ಪೂರ್ತಿ ಹಾಕಲಿಲ್ಲ. (ನಿಜ ಹೇಳ್ಬೇಕು ಅಂದ್ರೆ ಹಾಕೋಕೆ ಆಗಲಿಲ್ಲ, ನನ್ನ ಕಾಲು ಮಧ್ಯೆ ಇತ್ತು.) ಇಲ್ಲಿಂದ ಮುಂದೆ ನಾನೇ ಕಣ್ಣಾರೆ ನೋಡಿದ್ದು. ಹೊಲಿಗೆ ಇಲ್ಲ.

ಎಣ್ಣೆತಲೆ ಹಾಳೆ ತಗೊಂಡ. ಮಗಳ ಮುಖ ನೋಡಿದ. ಅಭ್ಯಾಸ ಬಲ, ಪೆನ್ನು ಆಗಲೇ ಕೈಲಿತ್ತು.

“ಎಲ್ಲಿ ಹಾಕ್ಲಿ?” ಅಂದ.

“ನೋಡಿ ಹಾಕು” ಅಂದ್ಲು ಮಗಳು.

ಅವನು ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ತೋಳು ಮಡಚಿದ. ನೆಲಕ್ಕೆ ಮಲಗಿ ಆ ಚಕ್ರದ ಕಾಲಿನ ಕೆಳಗೆ ಜಾರಿದ. ತಲೆ ಜಾರೋಕೆ ಎಣ್ಣೆ ಒಳ್ಳೇದೇ ಆಯ್ತು.

“ಜೆಲ್ ಅಮ್ಮಾ.”

“ಆಯ್ತಪ್ಪ, ಜೆಲ್. ಈಗ ಕೆಲಸ ನೋಡು.”

ಅವನ ಹತ್ತಿರ ಕನ್ನಡಿ ಇರಲಿಲ್ಲ. ಬೆರಳಲ್ಲೇ ಒಂದೊಂದು ನಟ್ಟೂ ತಡವಿದ. ತಡವ್ತಾ ತಡವ್ತಾ ಒಂದು ಕಡೆ ನಿಂತ. ಮತ್ತೆ ತಡವಿದ. ಆ ಮೌನದಲ್ಲಿ ಪೈಲಟ್ಟಿನ ಗಡಿಯಾರವೂ ನಿಂತುಹೋಯ್ತು ಅಂತ ನನಗನಿಸ್ತು.

“ಹಿಂದಿನ ನಟ್ಟಿನ ತಂತಿ ಉಲ್ಟಾ ಸುತ್ತಿದೆ” ಅಂತ ಕೆಳಗಿಂದ ಅಂದ. “ಇವರು ಸರಿ ಇದೆ ಅಂತ ಬರೆದಿದಾರೆ. ಬೆಳಿಗ್ಗೆ ನಾನೂ ಹಾಗೇ ಬರೆದೆ.”

ವಿಷಯ ಇಷ್ಟೇ. ನಟ್ಟು ಸಡಿಲ ಆಗದೇ ಇರ್ಲಿ ಅಂತ ತಂತಿ ಬಿಗೀತಾರೆ. ಅದು ನಟ್ಟನ್ನ ಬಿಗಿ ಆಗೋ ಕಡೆಗೇ ಎಳೀಬೇಕು. ಉಲ್ಟಾ ಸುತ್ತಿದ್ರೆ ತಂತಿ ಇದ್ದೂ ಇಲ್ಲದ ಹಾಗೆ. ಮಗಳು ಅದನ್ನ ನೋಡಿದ್ದು ಕನ್ನಡೀಲಿ. ಕನ್ನಡೀಲಿ ಎಡ ಬಲ ಆಗುತ್ತೆ, ಉಲ್ಟಾ ಸುತ್ತಿದ್ದು ಸರಿಯಾಗಿ ಸುತ್ತಿದ ಹಾಗೆ ಕಾಣುತ್ತೆ. ಕೆಲಸಕ್ಕೆ ಸೇರಿದ ಮೊದಲ ವಾರ ಹೇಳ್ಕೊಡ್ತಾರಂತೆ, ಕನ್ನಡೀಲಿ ಕಂಡಿದ್ದನ್ನ ಬೆರಳಲ್ಲಿ ಕೇಳು ಅಂತ. ದಿನಾ ನನ್ನ ಕೈಲಿ ಗ್ಯಾಸ್ ಮುಟ್ಟಿಸೋಳು ಅದೊಂದು ನಟ್ಟು ಮುಟ್ಟೋದು ಮರೆತಿದ್ಲು.

ಮಗಳು ಮಂಡಿಯೂರಿ ಕೈ ಚಾಚಿ ತಡವಿದ್ಲು. “ಹೌದು. ನಂದು ತಪ್ಪು” ಅಂದ್ಲು.

ಅಧ್ಯಕ್ಷರು ಮೇಡಮ್ಮಿನ ಕಡೆ ತಿರುಗಿದ್ರು. “ಈಗ ಇದರ ಅಂಕ ಯಾರಿಗೆ ಕೊಡೋದು?”

“ನಿಯಮದಲ್ಲಿ ಇಲ್ಲ ಸರ್.”

“ಮತ್ತೆ ನಿಯಮದಲ್ಲಿ ಏನಿದೆ?”

“ಅಭ್ಯರ್ಥಿಗಳು ಒಬ್ಬರ ಜೊತೆ ಒಬ್ಬರು ಮಾತಾಡಬಾರದು ಅಂತಿದೆ ಸರ್.”

ಎಣ್ಣೆತಲೆ ಸಹಿ ಹಾಕಿದ. ಹಾಕಿ, ಬಟ್ಟೆ ಕೊಡವಿಕೊಂಡು ಅಂದ, “ಸರ್, ಬೆಳಿಗ್ಗೆ ನಾನು ಕೊಟ್ಟ ಹಾಳೆ ಒಂದು ನಿಮಿಷ ಕೊಡಿ. ಅದರಲ್ಲಿ ಎರಡನೇ ಸಹಿ ಹೊಡೆದು ಹಾಕ್ಬೇಕು.”

“ನಿಮಗೂ ಶುರುವಾಯ್ತಾ?” ಅಂತ ಅಧ್ಯಕ್ಷರು ಕೂಗಿದ್ರು. ಪೈಲಟ್ ಆ ದಿನ ಮೊದಲ ಸಲ ಬಾಯಿ ಬಿಟ್ರು. “ಊಟದ ಹೊತ್ತು ಮೀರಿದೆ” ಅಂದ್ರು.

೯

ಮಗಳು ಹೊರಗೆ ಬಂದ್ಲು. ಮೂಗಿನ ತುದೀಲಿ ಗ್ರೀಸು. ಮುಖದ ತುಂಬ ನಗು.

“ಏನಾಯ್ತೇ?” ಅಂದೆ, ಬಾಗಿಲಲ್ಲಿ ನಾನು ಇರಲೇ ಇಲ್ಲ ಅನ್ನೋ ಹಾಗೆ.

“ತಪ್ಪು ಸಿಕ್ತಮ್ಮ.”

“ಯಾರದ್ದು?”

“ನಂದು.”

“ಅದಕ್ಕೆ ಹೀಗೆ ಹಲ್ಲು ಕಿರೀತಿದೀಯಾ?”

“ಸಿಕ್ತಲ್ಲ!”

ಮನೆಗೆ ಬರೋ ದಾರೀಲಿ ಬಾಯಿ ತಡೀಲಾರದೆ ಕೇಳ್ದೆ, “ಸುಮ್ಮನೆ ಒಂದು ಗೆರೆ ಎಳೆದಿದ್ರೆ ಏನಾಗ್ತಿತ್ತೇ?”

“ಏನೂ ಆಗ್ತಿರಲಿಲ್ಲ. ಕೆಲಸ ಸಿಕ್ಕಿದ್ರೂ ಸಿಗ್ತಿತ್ತು.”

“ಮತ್ತೆ?”

“ಆಮೇಲೆ ಆ ಮ್ಯಾನೇಜರ್ ಹತ್ತಿರ ಹೋಗಿ, ನೀನು ಮಾಡಿದ್ದು ತಪ್ಪು ಅಂತ ಯಾವ ಬಾಯಲ್ಲಿ ಹೇಳ್ಲಿ?”

ಬಸ್ಸು ಬಂತು. ಹತ್ತೋಕೆ ಮುಂಚೆ ಅವಳು ಹಿಂದೆ ಹೋಗಿ ಬ್ರೇಕ್ ದೀಪ ನೋಡಿದ್ಲು. ನಾನು ನೋಡದ ಹಾಗೆ ಮಾಡಿದೆ.

ಮುಕ್ತಾಯ (ಅ)

ಎರಡು ಸಹಿ ಕೇಳಿದ್ದೇ ಒಂದು ಬಲೆ. ನಿಜವಾದ ಪರೀಕ್ಷೆ ಅದೇ. ಎಲ್ಲರೂ ಬಿದ್ರು, ನನ್ನ ಮಗಳು ಒಬ್ಬಳೇ ದಾಟಿದ್ಲು. ಅಧ್ಯಕ್ಷರು ಎದ್ದು ಚಪ್ಪಾಳೆ ತಟ್ಟಿದ್ರು. ಮೊದಲ ದಿನವೇ ಅವಳು ಕಂಪನಿಗೆ ಹೋದ್ಲು. ಮ್ಯಾನೇಜರ್ ಈಗ ಕಂಬಳಿ ಎಣಿಸ್ತಿದಾನೆ, ಎಣಿಸಿದ್ದನ್ನ ಎರಡೆರಡು ಸಲ.

ಮಗಳು: “ಅಮ್ಮ, ಅದು ಬಲೆ ಆಗಿದ್ರೆ ಅಧ್ಯಕ್ಷರಿಗೆ ಅಷ್ಟು ಸಿಟ್ಟು ಬರ್ತಿರಲಿಲ್ಲ. ಅವರಿಗೆ ನಿಜವಾಗ್ಲೂ ಅವಸರ ಇತ್ತು.”

ಮುಕ್ತಾಯ (ಆ)

ಅದು ಬಲೆ ಅಲ್ಲ. ಊಟ ಆದ ಮೇಲೆ ಅಧ್ಯಕ್ಷರು ಅವಳ ಹೆಸರಿನ ಮುಂದೆ ‘ವಾದ ಮಾಡ್ತಾರೆ, ಒಂದು ತಪ್ಪು ಬಿಟ್ಟಿದಾರೆ’ ಅಂತ ಬರೆದ್ರು. ಕೆಲಸ ಬೇರೆ ಯಾರಿಗೋ ಹೋಯ್ತು. ಅವಳು ಗೋಡೌನಿಗೆ…

ಇಲ್ಲಿಗೆ ಪೆನ್ನು ನಿಲ್ತು. ಮಗಳು ಓದಿದ್ಲು. ಹೊಡೆದು ಹಾಕು ಅನ್ನಲಿಲ್ಲ.

“ಹೀಗಾಗಬಹುದು” ಅಂದು, ಒಣಗಿದ ಬಟ್ಟೆ ತರೋಕೆ ಹೋದ್ಲು.

ಇದನ್ನ ನಾನೇ ಹರಿದೆ. ಹರಿದ ಮೇಲೂ ಅದು ಎಲ್ಲಿಗೂ ಹೋಗಿಲ್ಲ ಅಂತ ನನಗೆ ಗೊತ್ತು.

ಮುಕ್ತಾಯ (ಇ)

ಇಬ್ಬರಿಗೂ ಕೆಲಸ ಸಿಕ್ತು. (ಹುದ್ದೆ ಒಂದೇ ಇತ್ತು, ಸರ್ಕಾರದ ಕೈ ಹಿಡಿದು ನಾನೇ ಎರಡು ಮಾಡಿಸಿದೆ.) ಅವಳು ನೋಡಿದ್ದಕ್ಕೆ ಅವನು, ಅವನು ನೋಡಿದ್ದಕ್ಕೆ ಅವಳು. ಹೀಗೆ ನೋಡ್ತಾ ನೋಡ್ತಾ…

“ಅಮ್ಮಾ” ಅಂತ ಎಣ್ಣೆತಲೆ ಮತ್ತೆ ತಲೆ ಹಾಕಿದ. “ನನಗೆ ಮದುವೆ ಆಗಿದೆ. ಇಬ್ಬರು ಮಕ್ಕಳು.”

“ಮೊದಲೇ ಬೊಗಳೋಕೇನಾಗಿತ್ತು? ನಾಲ್ಕನೇ ಭಾಗ ಪೂರ್ತಿ ದಂಡವಾಯ್ತು!”

೧೦, ಅಥವಾ ಎಲ್ಲಿಗೆ ನಿಲ್ಲುತ್ತೋ ಅಲ್ಲಿಗೆ

ಫಲಿತಾಂಶ ಇನ್ನೂ ಬಂದಿಲ್ಲ. ಮಗಳು ದಿನಾ ಗೋಡೌನಿಗೆ ಹೋಗಿ ಬರ್ತಾಳೆ. ಫೋನ್ ಕಿಸೇಲಿದ್ರೂ ಹತ್ತು ಸಲ ಮುಟ್ಟಿ ನೋಡ್ಕೋತಾಳೆ. ನೋಡಿ, “ಅಮ್ಮ, ಸೈಲೆಂಟಲ್ಲಿ ಇಲ್ಲ ತಾನೇ, ನೋಡು” ಅಂತಾಳೆ.

ಇವತ್ತು ರಜೆ. ಈ ಹಾಳೆಗಳನ್ನೆಲ್ಲ ಜೋಡಿಸಿ ಅವಳ ಮುಂದಿಟ್ಟೆ. “ಓದಿ, ಸರಿ ಇದೆ ಅಂತ ಒಂದು ಸಹಿ ಹಾಕಿಬಿಡು. ಮುಗಿಸ್ತೀನಿ.”

ಓದಿದ್ಲು. ಮೊದಲ ಪುಟಕ್ಕೇ ಅವಳ ಮೂಗು ಕೆಂಪಾಯ್ತು.

“ಅಮ್ಮ, ಗ್ಯಾಸಿನ ತಿರುಗುಂಡಿ ಕಡಲೆಕಾಳಿನಷ್ಟಾಗಿಲ್ಲ. ಕಾರಿಡಾರು ಅಷ್ಟು ಉದ್ದ ಇರಲಿಲ್ಲ. ಗೋಡೌನಿನೋರು ಕಂಬಳಿ ಒಳಗೆ ಬಚ್ಚಿಟ್ಕೋತಾರೆ ಅಂತ ಯಾರು ಹೇಳಿದ್ದು? ಬಸ್ಸಿನ ದೀಪ ನಾನು ನೋಡಲೇ ಇಲ್ಲ.”

“ನೋಡ್ದೆ.”

“…ನೋಡ್ದೆ. ಆದ್ರೆ ಸಹಿ ಹಾಕಲ್ಲ.”

“ಯಾಕೆ?”

“ಇದರಲ್ಲಿ ನಾನೇ ಇದೀನಲ್ಲ. ಕೈ ಹಾಕಿದೋರು ಎರಡನೇ ಸಹಿ ಹಾಕಂಗಿಲ್ಲ. ನೀನೂ ಹಾಕಂಗಿಲ್ಲ, ಮಾಡಿದೋಳು ನೀನು.”

“ಹಾಗಾದ್ರೆ ಇದು ಮುಗಿಯೋದು ಹೇಗೆ?”

“ಬೇರೆ ಯಾರಾದ್ರೂ ನೋಡ್ಬೇಕು.”

ಅಷ್ಟರಲ್ಲಿ ಅವಳ ಫೋನ್ ಹೊಡ್ಕೊಳ್ತು. ಗೊತ್ತಿಲ್ಲದ ನಂಬರು. ಅವಳು ನನ್ನ ಮುಖ ನೋಡಿದ್ಲು, ಎದ್ದು ಕಿಟಕಿ ಹತ್ತಿರ ಹೋದ್ಲು, ಬೆನ್ನು ಮಾಡಿ ನಿಂತ್ಲು. “ಹೌದು ಸರ್” ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, “ಹೌದು” ಅಂದ್ಲು.

ತನ್ನ ಬೆನ್ನು ತನಗೆ ಕಾಣಲ್ಲ ಅಂತಾರೆ. ಅವಳ ಬೆನ್ನು ನನಗೆ ಕಾಣ್ತಿದೆ. ಹೆತ್ತೋಳಿಗೆ ಬೆನ್ನು ನೋಡಿದ್ರೆ ಸಾಕು, ಎಲ್ಲ ಗೊತ್ತಾಗುತ್ತೆ. ಆದ್ರೆ ನಾನು ಹೇಳಲ್ಲ. ನನ್ನ ಕಣ್ಣು ಕನ್ನಡಿ ಇದ್ದ ಹಾಗೆ, ಅವಳ ವಿಷಯದಲ್ಲಿ ಉಲ್ಟಾ ಸುತ್ತಿದ್ದೂ ಅದಕ್ಕೆ ಸರಿಯಾಗೇ ಕಾಣುತ್ತೆ. ನನ್ನ ಮಾತಿಗೆ ಎರಡನೇ ಸಹಿ ಬೇಕು.

ಅದಕ್ಕೇ ಓದೋರೇ, ಇಷ್ಟು ಹೊತ್ತು ನಿಮ್ಮನ್ನ ಹಿಂದೆ ನಿಲ್ಲಿಸ್ಕೊಂಡಿದ್ದು. ನಾನು ಸೀಟಿನಿಂದ ಇಳಿಯಂಗಿಲ್ಲ, ನೋಡದೇ ಹೂಂ ಅಂದ್ರೆ ಒಪ್ಪಲ್ಲ. ಬ್ರೇಕ್ ಮೇಲೆ ಕಾಲು ಇಟ್ಟಿದೀನಿ, ಒತ್ತಿ ಹಿಡಿದಿದೀನಿ.

ಜೋರಾಗಿ ಕೂಗಿ ಹೇಳಿ. ಹತ್ತಿತಾ?